ಮೂರು ಟ್ಯಾಬು, ಏಳು ಮಹಡಿಯ ಹಗ್ಗ

ಅಂಗಡಿಯ ಮೇಲಿನ ಮನೆ,
ನವೆಂಬರ್ 14, ಗುರುವಾರ, ಬೆಳಗ್ಗೆ.

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಕಿವಿನೋವು ಹೇಗಿದೆ? ದ್ವೀಪದ ಗಾಳಿ ಕಿವಿಯೊಳಗೆ ಮನೆ ಮಾಡಿಕೊಂಡು ಕೂತಿದೆ, ಬಾಡಿಗೆಯನ್ನೂ ಕೊಡುವುದಿಲ್ಲ ಎಂದು ನೀನು ಬರೆದಿದ್ದೆ. ಓದಿ ನಕ್ಕೆ, ಆಮೇಲೆ ಪೆಚ್ಚಾಯಿತು. ಈ ಪೊಟ್ಟಣದಲ್ಲಿ ಕಿವಿ ಮುಚ್ಚುವ ಉಣ್ಣೆಯ ಟೋಪಿ ಇಟ್ಟಿದ್ದೇನೆ. ಬಣ್ಣ ಚೆನ್ನಾಗಿಲ್ಲ, ಗೊತ್ತು, ಆದರೆ ನಿಮ್ಮ ಹವಾಮಾನ ಠಾಣೆಯಲ್ಲಿ ಇರುವುದೇ ಮೂರು ಜನ, ನೋಡಿ ನಗುವವರು ಇಬ್ಬರೇ. ಡಬ್ಬಿಯ ಊಟ ಇನ್ನೂ ಸೇರುತ್ತಿದೆಯೇ, ಇಲ್ಲ ನಾಲಿಗೆ ಸತ್ತೇ ಹೋಯಿತೇ? ನಿದ್ದೆ ಬರುತ್ತಿದೆಯೇ? ನಾಳೆ ಬೋಟ್ ಹೊರಡುತ್ತದೆ, ಇನ್ನೊಂದಕ್ಕೆ ಹದಿನೈದು ದಿನ ಕಾಯಬೇಕು. ಹಾಗಾಗಿ ಇವತ್ತು ಈ ಕಾಗದವನ್ನು ಮುಗಿಸಲೇಬೇಕು. ಆಗಲೇ ನಾಲ್ಕು ಸಲ ಎದ್ದು ಬಂದು ಕೂತಿದ್ದೇನೆ. ಒಮ್ಮೆ ಕಿಟಕಿ ಹಾಕಲು, ಒಮ್ಮೆ ಅದೇ ಕಿಟಕಿ ತೆಗೆಯಲು. ಗಡಿಬಿಡಿ ಎಂದು ನೀನು ಇಟ್ಟ ಹೆಸರನ್ನು ಈ ತಿಂಗಳು ಪೂರ್ತಿ ಉಳಿಸಿಕೊಂಡಿದ್ದೇನೆ.

ನಾನು ಚೆನ್ನಾಗಿದ್ದೇನೆ. ಅಪ್ಪನೂ ಇದ್ದಾರೆ. ಅವರ ವಿಷಯ ಬರೆಯುತ್ತೇನೆ, ಆದರೆ ಮೊದಲಿನಿಂದ ಬರೆಯಬೇಕು, ಇಲ್ಲದಿದ್ದರೆ ನೀನು ಗಾಬರಿಯಾಗುತ್ತೀಯ. ಅಂಗಡಿಯ ಸುದ್ದಿಯಿಂದ ಶುರುಮಾಡುತ್ತೇನೆ. ನಾವು ನೋಡಿಕೊಳ್ಳುವ ಮೂವತ್ತೊಂದು ಲಿಫ್ಟ್‌ಗಳಲ್ಲಿ ಇಪ್ಪತ್ತೆರಡು ಆ ಕಟ್ಟಡ ನಿರ್ವಹಣೆ ಕಂಪನಿಯವಲ್ಲವೇ? ಅಲ್ಲಿಗೆ ಹೊಸ ಮ್ಯಾನೇಜರ್ ಬಂದಿದ್ದಾರೆ, ಹೆಂಗಸು, ನಿನ್ನ ವಯಸ್ಸಿನವರು. ಮಾತು ಕಡಿಮೆ, ಪೆನ್ನು ಯಾವಾಗಲೂ ತೆರೆದೇ ಇರುತ್ತದೆ. ಡಿಸೆಂಬರ್ ಒಂದರಿಂದ ಕಾಗದದ ವರದಿ ನಡೆಯುವುದಿಲ್ಲ ಎಂದು ಅವರು ಹೇಳಿಬಿಟ್ಟರು. ಪ್ರತಿ ತಪಾಸಣೆಯನ್ನೂ ಟ್ಯಾಬ್ಲೆಟ್‌ನಲ್ಲಿ, ಲಿಫ್ಟಿನ ಪಕ್ಕದಲ್ಲೇ ನಿಂತು ಬರೆಯಬೇಕು. ಹಗ್ಗ, ಬ್ರೇಕು, ಬಾಗಿಲಿನ ಲಾಕು, ಲಿಫ್ಟು ಇಳಿಯುವ ಗುಂಡಿಯ ತಳ, ಎಲ್ಲದರ ಫೋಟೋ ಬೇಕು, ಫೋಟೋದಲ್ಲಿ ದಿನಾಂಕ ಗಂಟೆ ಬೇಕು, ಕಟ್ಟಡದವರ ಸಹಿ ಅಲ್ಲೇ ಪರದೆಯ ಮೇಲೆ ಬೇಕು. ಅಪ್ಪ, ನಾನು, ಮೌನಿಯಣ್ಣ, ಹೀಗೆ ನಮಗೆ ಮೂರು ಟ್ಯಾಬ್ ಬೇಕಾಯಿತು. ಮೌನಿಯಣ್ಣ ನಮ್ಮಲ್ಲಿ ಸೇರಿ ಹತ್ತೊಂಬತ್ತು ವರ್ಷವಾದರೂ ಅವರು ಆಡಿದ ಮಾತುಗಳನ್ನೆಲ್ಲ ಕೂಡಿಸಿದರೆ ಒಂದು ಪೋಸ್ಟ್‌ಕಾರ್ಡ್ ತುಂಬುವುದಿಲ್ಲ. ಟ್ಯಾಬ್ ಎಂದಾಗ ಅವರು ತಲೆಯಾಡಿಸಿದರು. ಅಪ್ಪ ಆಡಿಸಲಿಲ್ಲ.

ನಾನು ಒಂದು ವಸ್ತು ಕೊಳ್ಳುವಾಗ ಹೇಗಾಡುತ್ತೇನೆ ಎಂದು ನಿನಗೆ ಗೊತ್ತಲ್ಲ. ನೀನು ಇದ್ದಿದ್ದರೆ ಅರ್ಧ ಗಂಟೆಯಲ್ಲಿ ಇದು ಅಂತ ಬೆರಳು ತೋರಿಸಿ ಮನೆಗೆ ಬರುತ್ತಿದ್ದೆ. ನಾನು ಮೂರು ಅಂಗಡಿ ಸುತ್ತಿದೆ, ಅಳೆದೂ ಸುರಿದೂ ನೋಡಿದೆ, ಬರುವ ಹೋಗುವ ಗಿರಾಕಿಗಳ ತಲೆ ತಿಂದೆ. ಕೊನೆಗೆ ಒಬ್ಬ ಅಂಗಡಿಯವರಿಗೆ ಸಾಕಾಗಿ, ಮೂರು ಬಗೆಯದನ್ನೂ ಹದಿನೈದು ದಿನ ಇಟ್ಟುಕೊಂಡು ನೋಡಿ, ಬೇಡವಾದದ್ದನ್ನು ಗೀರು ಬೀಳದ ಹಾಗೆ ತಂದುಕೊಡಿ ಎಂದರು. ಗೀರಿನ ಭರವಸೆ ಕೊಡಲಾಗುವುದಿಲ್ಲ, ನಮ್ಮದು ಲಿಫ್ಟಿನ ಕೆಲಸ ಎಂದೆ. ಆಗ ಅವರು ಠೇವಣಿ ಕೇಳಿದರು. ಹೀಗೆ ಮೂರು ಟ್ಯಾಬ್ ಮನೆಗೆ ಬಂದವು. ಅವುಗಳ ಕಂಪನಿಯ ಹೆಸರು ನಮ್ಮ ಬಾಯಿಗೆ ಹತ್ತಲಿಲ್ಲ, ಹಾಗಾಗಿ ನಾವೇ ಹೆಸರಿಟ್ಟೆವು. ಅಗ್ಗದ್ದು ಬಡವ. ನಡುವಿನದು ಸುತ್ತ ರಬ್ಬರಿನ ಅಂಚಿನದು, ಗಟ್ಟಿಗ. ಮೂರನೆಯದು ಬೆಳ್ಳಿ ಬಣ್ಣದ್ದು, ತೆಳ್ಳಗೆ, ದೊಡ್ಡ ಪರದೆಯದು, ಸಾಹುಕಾರ. ಸಾಹುಕಾರನ ಹೊರಕವಚದ ಬೆಲೆಗೆ ಬಡವನೇ ಬಂದುಬಿಡುತ್ತಾನೆ, ಆಮೇಲೆ ನೀನೇ ಊಹಿಸಿಕೋ.

ಬಡವನ ಮೇಲೆ ನನಗೆ ಮೊದಲ ದಿನವೇ ಪ್ರೀತಿ ಬಂತು. ಹಗುರ, ಚಿಕ್ಕದು, ಕೋಟಿನ ಜೇಬಿಗೆ ಇಳಿಯುತ್ತದೆ. ಎರಡನೇ ದಿನ ಪ್ರೀತಿ ಇಳಿಯಿತು. ಗ್ರೀಸ್ ಮೆತ್ತಿದ ಬೆರಳನ್ನು ಅದು ಬೆರಳೆಂದೇ ಒಪ್ಪುವುದಿಲ್ಲ. ಒಂದು ಫೋಟೋ ತೆಗೆದು ಅದು ವರದಿಯೊಳಗೆ ಕೂರುವಷ್ಟರಲ್ಲಿ ಒಂದು ಬೋಲ್ಟ್ ಬಿಚ್ಚಿ ಮತ್ತೆ ಹಾಕಬಹುದು. ಮಧ್ಯಾಹ್ನ ಮೂರಕ್ಕೆ ಬ್ಯಾಟರಿ ಖಾಲಿ. ಗಟ್ಟಿಗ ಹೆಂಚಿನಷ್ಟು ಭಾರ, ನೋಡಲು ಮಕ್ಕಳ ಆಟಿಕೆಯ ಹಾಗಿದೆ. ಆದರೆ ಮೌನಿಯಣ್ಣನ ಕೈಜಾರಿ ಏಣಿಯ ಮೇಲಿಂದ ಬಿದ್ದರೂ ಎದ್ದು ಕೆಲಸ ಮಾಡಿತು. ಕೈಗವಸು ಹಾಕಿಕೊಂಡೇ ಒತ್ತಬಹುದು. ಲಿಫ್ಟಿನ ಗುಂಡಿಯೊಳಗೆ ಸಿಗ್ನಲ್ ಸಿಗದಿದ್ದರೆ ಎಲ್ಲವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು, ಮೇಲೆ ಬಂದಮೇಲೆ ತಾನೇ ಕಳಿಸುತ್ತದೆ. ಸಾಹುಕಾರನ ವಿಷಯ ಕೇಳಲೇಬೇಡ. ಪರದೆ ಎಂದರೆ ಪರದೆ. ವೈರಿಂಗ್ ನಕ್ಷೆಯನ್ನು ತೆರೆದರೆ ಒಂದೊಂದು ಗೆರೆಯೂ ಕೂದಲೆಳೆಯಷ್ಟು ಸ್ಪಷ್ಟ. ಆದರೆ ಅದನ್ನು ಹಿಡಿದುಕೊಂಡು ಯಂತ್ರದ ಕೋಣೆಗೆ ಹೋಗಲು ಮೌನಿಯಣ್ಣ ಸುತರಾಂ ಒಪ್ಪಲಿಲ್ಲ. ಹಸುಗೂಸನ್ನು ಮೊದಲ ಸಲ ಎತ್ತಿಕೊಂಡವರ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮೊಣಕೈಯಿಂದ ಬಾಗಿಲು ತಳ್ಳುತ್ತಿದ್ದರು. ನಾನು ಒಂದು ಹಾಳೆಯಲ್ಲಿ ಬೆಲೆ, ಬಾಳಿಕೆ, ಬ್ಯಾಟರಿ, ಕ್ಯಾಮೆರಾ, ಒತ್ತುವ ಸುಲಭ ಎಂದು ಮನೆಗಳನ್ನು ಮಾಡಿ ಅಂಕ ಹಾಕುತ್ತಾ ಹೋದೆ. ಪ್ರತಿ ಸಂಜೆ ಅಂಕ ಬದಲಾಗುತ್ತಿತ್ತು, ಪ್ರತಿ ಬೆಳಗ್ಗೆ ಮನಸ್ಸು ಬದಲಾಗುತ್ತಿತ್ತು.

ಅಪ್ಪನಿಗೆ ಮಾತ್ರ ಮೂರೂ ಸೇರಲಿಲ್ಲ. ಬಡವನನ್ನು ಕೈಗೆ ಕೊಟ್ಟರೆ ಅಕ್ಷರ ಇರುವೆ ಹರಿದ ಹಾಗಿದೆ ಎಂದರು. ಸರಿ, ಅಕ್ಷರ ದೊಡ್ಡದು ಮಾಡಿಕೊಟ್ಟೆ. ಆಗ ಬೆಳಕು ಚುಚ್ಚುತ್ತದೆ ಎಂದರು. ಬೆಳಕು ತಗ್ಗಿಸಿದರೆ ಮಂಕು. ಗಟ್ಟಿಗ ಭಾರ, ಸಾಹುಕಾರ ಹೊಳೆಯುತ್ತದೆ. ಮೂರನೇ ದಿನ ಅವರಿಗೆ ಸುಳ್ಳು ವರದಿಯೊಂದನ್ನು ತುಂಬಲು ಕೊಟ್ಟೆ, ಅಭ್ಯಾಸಕ್ಕೆ. ‘ಸರಿ ಇದೆ’ ಎಂಬ ಚೌಕದ ಬದಲು ಅದರ ಕೆಳಗಿನ ‘ಬದಲಿಸಬೇಕು’ ಚೌಕವನ್ನು ಒತ್ತುತ್ತಾ ಹೋದರು, ಒಂದಲ್ಲ, ಆರು ಕಡೆ. ನಾನು ನಕ್ಕುಬಿಟ್ಟೆ. ಅವರು ಟ್ಯಾಬ್ ಅನ್ನು ಮೇಜಿನ ಮೇಲೆ ದೂಡಿ, “ನಲವತ್ತು ವರ್ಷ ಪೆನ್ಸಿಲ್ಲಲ್ಲಿ ಬರೆದಿದ್ದೀನಿ, ಒಂದು ಲಿಫ್ಟೂ ಬಿದ್ದಿಲ್ಲ” ಎಂದರು. ಆಗ ನನ್ನ ಬಾಯಿ ಸುಮ್ಮನಿರಲಿಲ್ಲ ಅಕ್ಕಾ. “ಕಲಿಯೋಕೆ ಇಷ್ಟ ಇಲ್ಲ ಅಂದ್ರೆ ಹಾಗಂತ ಹೇಳಿ ಅಪ್ಪ, ದಿನಕ್ಕೊಂದು ನೆಪ ಬೇಡ. ನಿಮ್ಮ ಹಟಕ್ಕೆ ಇಪ್ಪತ್ತೆರಡು ಲಿಫ್ಟು ಕೈಬಿಟ್ಟು ಹೋಗುತ್ತೆ” ಎಂದುಬಿಟ್ಟೆ. ಅವರು ಎದ್ದು ಹೋಗಿ ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಕೂತರು. ಎರಡು ದಿನ ನಮ್ಮಿಬ್ಬರ ನಡುವೆ ಉಪ್ಪು ಕೊಡು, ಬೀಗದಕೈ ಎಲ್ಲಿ, ಅಷ್ಟೇ ಮಾತು. ಆ ನಗುವನ್ನೂ ಆ ಮಾತನ್ನೂ ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಮೂರೂ ಟ್ಯಾಬುಗಳನ್ನು ಕೊಟ್ಟುಬಿಡುತ್ತಿದ್ದೆ.

ನವೆಂಬರ್ ನಾಲ್ಕು, ಸೋಮವಾರ, ಕ್ಯಾಮೆರಾಗಳ ಪರೀಕ್ಷೆ ಇಟ್ಟುಕೊಂಡೆ. ಮೂರು ಟ್ಯಾಬಿನಲ್ಲೂ ಒಂದೇ ವಸ್ತುವಿನ ಫೋಟೋ ತೆಗೆದು ಹೋಲಿಸಿ ನೋಡೋಣ ಎಂದು. ಹತ್ತಿರವಿದೆ ಎನ್ನುವ ಒಂದೇ ಕಾರಣಕ್ಕೆ ಆ ಏಳು ಮಹಡಿಯ ಕಟ್ಟಡಕ್ಕೆ ಹೋದೆ. ಅದು ಅಪ್ಪನ ಪಾಲಿನದು, ಆರು ದಿನದ ಹಿಂದೆಯಷ್ಟೇ ಅವರು ತಪಾಸಣೆ ಮುಗಿಸಿ ಎಲ್ಲ ಸರಿ ಎಂದು ಬರೆದು ಬಂದಿದ್ದರು. ತಾರಸಿಯ ಮೇಲಿನ ಯಂತ್ರದ ಕೋಣೆಗೆ ಹೋಗಿ ಲಿಫ್ಟನ್ನು ಬಂದ್ ಮಾಡಿ, ಚಕ್ರದ ಮೇಲೆ ಹಾದುಹೋಗುವ ಉಕ್ಕಿನ ಹಗ್ಗಗಳ ಫೋಟೋ ತೆಗೆದೆ. ಬಡವನ ಫೋಟೋದಲ್ಲಿ ಹಗ್ಗ ಕಪ್ಪಗೆ ಮೆತ್ತಗೆ ಕಾಣಿಸಿತು, ಗ್ರೀಸ್ ಹಚ್ಚಿದ ಹಾಗೆ. ಗಟ್ಟಿಗನದರಲ್ಲಿ ಏನೋ ಮುಳ್ಳು ಮುಳ್ಳಾಗಿ ಕಂಡಿತು. ಕ್ಯಾಮೆರಾದ ದೋಷ ಎಂದುಕೊಂಡು ಅಂಕ ಕಳೆಯಲು ಹಾಳೆಯನ್ನೂ ತೆಗೆದೆ. ಸಾಹುಕಾರನದರಲ್ಲಿ ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿದೆ. ಒಂದು ಗೇಣು ಉದ್ದದೊಳಗೆ ಒಂಬತ್ತು ಎಳೆಗಳು ತುಂಡಾಗಿ ಹೊರಗೆ ಚಾಚಿಕೊಂಡಿದ್ದವು. ಪಕ್ಕದ ಹಗ್ಗದಲ್ಲಿ ಇನ್ನೂ ಐದು. ಸಂದುಗಳಲ್ಲಿ ತುಕ್ಕಿನ ಕೆಂಪು ಪುಡಿ. ಟಾರ್ಚು ಹಿಡಿದು ಬರಿಗಣ್ಣಲ್ಲಿ ನೋಡಿದೆ, ಬರಿಗಣ್ಣಿಗೂ ಕಾಣುತ್ತಿತ್ತು. ನಾಲ್ಕು ಹಗ್ಗಗಳಲ್ಲಿ ಉಳಿದೆರಡು ಭಾರ ಹಿಡಿದುಕೊಳ್ಳುತ್ತವೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆದರೂ ಆ ಕೋಣೆಯ ನೆಲದ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟೆ. ಆಮೇಲೆ ಸ್ವಿಚ್ಚಿಗೆ ಬೀಗ ಹಾಕಿ, ಏಳು ಮಹಡಿಯಲ್ಲೂ ‘ಲಿಫ್ಟ್ ನಿಲ್ಲಿಸಲಾಗಿದೆ’ ಎಂಬ ಚೀಟಿ ಅಂಟಿಸುತ್ತಾ ಮೆಟ್ಟಿಲಿಳಿದೆ.

ಕೆಳಗೆ ಕಟ್ಟಡದ ಕಾವಲಿನವರು ಬೀಗದಕೈ ಕೊಟ್ಟು ಪಡೆಯುವ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಾ ಒಂದು ಮಾತು ಹೇಳಿದರು. “ಈ ಸಲ ನಿಮ್ಮ ಮೌನಿಯವ್ರು ಸ್ಪ್ಯಾನರ್ ಹುಡುಕ್ಕೊಂಡು ಬರಲೇ ಇಲ್ವಲ್ಲ” ಎಂದು. ಯಾವ ಸ್ಪ್ಯಾನರ್ ಎಂದೆ. ಅಪ್ಪ ತಪಾಸಣೆ ಮಾಡಿ ಹೋದ ಮೇಲಿನ ಭಾನುವಾರ ಮೌನಿಯಣ್ಣ ತಪ್ಪದೆ ಬರುತ್ತಾರಂತೆ. ಸ್ಪ್ಯಾನರ್ ಮರೆತೆ ಎಂದು ಮೇಲೆ ಹೋಗಿ ಒಂದು ಗಂಟೆ ಕಳೆದು ಇಳಿಯುತ್ತಾರಂತೆ. ಒಂದು ವರ್ಷದಿಂದ ಹೀಗೇ ನಡೆದಿದೆಯಂತೆ. “ಅಷ್ಟು ಮರೆವಿನ ಮನುಷ್ಯನ್ನ ನಾನು ನೋಡೇ ಇಲ್ಲ” ಎಂದು ಅವರು ನಕ್ಕರು. ನಾನು ನೇರವಾಗಿ ಮೌನಿಯಣ್ಣನ ಮನೆಗೆ ಹೋದೆ. ಅವರಿಗೆ ಮೂರು ದಿನದಿಂದ ಜ್ವರ, ಕಂಬಳಿ ಹೊದ್ದು ಕೂತಿದ್ದರು. ಫೋಟೋ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಮುಖಕ್ಕೆ ಕಂಬಳಿ ಎಳೆದುಕೊಂಡರು. ಒಳಗಿನಿಂದಲೇ, “ಹೋದ ತಿಂಗಳು ಎರಡೇ ಎಳೆ ಹೋಗಿತ್ತು. ಮುಂದಿನ ಸಲ ನೋಡೋಣ ಅಂತ ಬಿಟ್ಟೆ. ಈ ಭಾನುವಾರ ಏಳೋಕಾಗಲಿಲ್ಲ” ಎಂದರು. ಅಕ್ಕಾ, ಹತ್ತೊಂಬತ್ತು ವರ್ಷದಲ್ಲಿ ಅವರು ಒಂದೇ ಸಲಕ್ಕೆ ಆಡಿದ ಅತಿ ಉದ್ದದ ಮಾತು ಅದು. ಅಪ್ಪನ ಹನ್ನೊಂದು ಲಿಫ್ಟುಗಳನ್ನೂ ಅವರು ಹೀಗೆ ಭಾನುವಾರಗಳಲ್ಲಿ ಮತ್ತೆ ನೋಡಿ ಬರುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, “ಅಪ್ಪನ್ನೇ ಕೇಳಮ್ಮ” ಎಂದರು ಅಷ್ಟೇ.

ಮನೆಗೆ ಬಂದಾಗ ಅಪ್ಪ ಅಂಗಡಿಯಲ್ಲಿ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ದಾರಿಯುದ್ದಕ್ಕೂ ನಾನು ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ. ಅವೆಲ್ಲವನ್ನೂ ಬಿಟ್ಟು ಸಾಹುಕಾರನನ್ನು ಅವರ ಮುಂದೆ ಹಿಡಿದೆ. ಅವರು ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡು, ಹತ್ತಿರ ತಂದರು, ದೂರ ಹಿಡಿದರು, ಆಮೇಲೆ ಕತ್ತನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಿಂದ ನೋಡಿದರು, ಕೋಳಿ ನೆಲ ನೋಡುವ ಹಾಗೆ. ಆಗ ನನಗೆ ಎಲ್ಲ ಗೊತ್ತಾಯಿತು. ಇಷ್ಟು ದಿನದ ನೆಪಗಳೆಲ್ಲ ಒಂದೊಂದಾಗಿ ತಲೆಯಲ್ಲಿ ಹಾದುಹೋದವು. ಇರುವೆ, ಬೆಳಕು, ಮಂಕು, ಹೊಳಪು. ಒಂದೂ ನೆಪವಾಗಿರಲಿಲ್ಲ. “ಇದು ಹಗ್ಗ ಅಲ್ವಾ?” ಎಂದು ಕೇಳಿದರು. ಹೌದು ಎಂದೆ. “ಎಷ್ಟು ಎಳೆ ಹೋಗಿದೆ?” ಒಂಬತ್ತು, ಪಕ್ಕದ್ದರಲ್ಲಿ ಐದು ಎಂದೆ. ಯಾವ ಕಟ್ಟಡ ಎಂದು ಅವರು ಕೇಳಲಿಲ್ಲ. ಟ್ಯಾಬ್ ಅನ್ನು ಗೀರು ಬೀಳದ ಹಾಗೆ ಬಟ್ಟೆಯ ಮೇಲೆ ಇಟ್ಟರು.

ಒಂದೂವರೆ ವರ್ಷದಿಂದ ಹೀಗಿದೆಯಂತೆ. ನೇರವಾಗಿ ನೋಡಿದರೆ ನಡುವೆ ಒಂದು ಬೂದು ಮಚ್ಚೆ, ಅದರ ಸುತ್ತ ಎಲ್ಲವೂ ಇದೆ. “ನಿನ್ನ ಕಿವಿ ಕಾಣುತ್ತೆ, ಕೂದಲು ಕಾಣುತ್ತೆ, ಮುಖ ಇರಲ್ಲ. ಪಕ್ಕಕ್ಕೆ ನೋಡಿದ್ರೆ ಸ್ವಲ್ಪ ಬರುತ್ತೆ” ಎಂದರು, ಯಾವುದೋ ಮೋಟಾರಿನ ರಿಪೇರಿ ವಿವರಿಸುವ ಧಾಟಿಯಲ್ಲಿ. ಹಗ್ಗಗಳನ್ನು ಅವರು ಕೈಯಿಂದ ನೋಡುತ್ತಿದ್ದರು. ಹತ್ತಿಯ ಬಟ್ಟೆ ಸುತ್ತಿ ಹಗ್ಗದುದ್ದಕ್ಕೂ ಎಳೆಯುವುದು, ತುಂಡಾದ ಎಳೆ ಇದ್ದರೆ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ರೇಕನ್ನು ಕಿವಿಯಿಂದ ನೋಡುತ್ತಿದ್ದರು. ಆ ದಿನ ಆ ಕಟ್ಟಡದಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದರು. ಸಾಮಾನು ಇಳಿಸಬೇಕು, ಲಿಫ್ಟು ಬೇಗ ಬಿಡಿ ಎಂದು ಅವಸರ ಮಾಡಿದರು. ಅಪ್ಪ ಅರ್ಧ ಹಗ್ಗ ಒರೆಸಿ, ಉಳಿದದ್ದು ಹೋದ ತಿಂಗಳಿನಂತೆಯೇ ಇರುತ್ತದೆ ಎಂದುಕೊಂಡು ಎಲ್ಲ ಸರಿ ಎಂದು ಬರೆದು ಬಂದರು. ಮೌನಿಯಣ್ಣನಿಗೆ ಗೊತ್ತೇ ಎಂದು ಕೇಳಿದೆ. “ಅವರಿಗೆ ನಾನು ಹೇಳಿಲ್ಲ, ಅವರೂ ನನಗೆ ಹೇಳಿಲ್ಲ, ಗೊತ್ತಿರಬೇಕು” ಎಂದರು ಅಪ್ಪ. ಇಬ್ಬರು ಗಂಡಸರು ಒಂದು ವರ್ಷ ಒಂದೇ ಮೇಜಿನಲ್ಲಿ ಚಹಾ ಕುಡಿಯುತ್ತಾ ಹೀಗೆ ಇದ್ದುಬಿಟ್ಟಿದ್ದಾರೆ. ನಾನು ಒಂದೇ ಸೂರಿನಡಿ ಇದ್ದೂ ಕಾಣಲಿಲ್ಲ. ಇಷ್ಟು ದಿನ ನಾನು ಪರೀಕ್ಷೆ ಮಾಡಿದ್ದು ಟ್ಯಾಬುಗಳನ್ನಲ್ಲವೇ, ಮನುಷ್ಯರನ್ನು ಯಾರು ನೋಡಿದರು ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಮೇಲಿನ ನಾಲ್ಕು ದಿನ ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗಿದೆ. ಮೌನಿಯಣ್ಣ ಜ್ವರ ಇಳಿಯುವ ಮೊದಲೇ ಎದ್ದು ಬಂದರು, ಬೇಡವೆಂದರೂ ಕೇಳಲಿಲ್ಲ. ಅಪ್ಪನ ಉಳಿದ ಹತ್ತು ಲಿಫ್ಟುಗಳನ್ನೂ ಮೊದಲಿನಿಂದ ನೋಡಿದೆವು. ಅವರ ಕೈಯಲ್ಲಿ ಗಟ್ಟಿಗ, ನನ್ನ ಕೈಯಲ್ಲಿ ಸಾಹುಕಾರ. ಬಡವ ಮನೆಯಲ್ಲೇ ಉಳಿದ. ಒಂದು ಕಡೆ ಬಾಗಿಲಿನ ಲಾಕು ಸವೆದಿತ್ತು, ಉಳಿದೆಲ್ಲವೂ ಸರಿಯಾಗಿದ್ದವು. ಕೈಯಿಂದ ನೋಡಿದ್ದಾದರೂ ಅಪ್ಪ ಚೆನ್ನಾಗಿಯೇ ನೋಡಿದ್ದರು. ಇದನ್ನು ಅವರಿಗೆ ಹೇಳಿದೆ. ಅವರು, “ಒಂದು ತಪ್ಪಿತಲ್ಲ” ಎಂದರು. ಏಳು ಮಹಡಿಯಲ್ಲಿ ಹಗ್ಗದ ಜೊತೆ ಅದನ್ನು ಸವೆಸುತ್ತಿದ್ದ ಚಕ್ರದ ಬೇರಿಂಗನ್ನೂ ಬದಲಿಸಬೇಕಾಯಿತು. ಹೊಸ ಹಗ್ಗ ಬರಲು ನಾಲ್ಕು ದಿನ ಹಿಡಿಯಿತು. ಆರನೇ ಮಹಡಿಯಲ್ಲಿ ಗಾಲಿಕುರ್ಚಿಯಲ್ಲಿ ಓಡಾಡುವ ಒಬ್ಬ ಹೊಲಿಗೆಯವರಿದ್ದಾರೆ. ಅವರ ಗಿರಾಕಿಗಳು ಯಾರೂ ಆರು ಮಹಡಿ ಹತ್ತಿ ಬರಲಿಲ್ಲ, ಅವರೂ ಇಳಿಯುವ ಹಾಗಿರಲಿಲ್ಲ. ಕ್ಷಮೆ ಕೇಳಲು ಹೋದಾಗ ನಾನು ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಸೂಜಿಗೆ ದಾರ ಪೋಣಿಸುತ್ತಾ, “ನಾಲ್ಕು ದಿನ ಕೂತಿರ್ತೀನಿ, ಬಿದ್ದು ಸಾಯೋದಕ್ಕಿಂತ ಇದು ವಾಸಿ. ಆದ್ರೆ ಸರಿ ಇದೆ ಅಂತ ಬರೆದವರು ಬಂದು ನನ್ನ ಹತ್ರ ಮಾತಾಡಲಿ” ಎಂದರು.

ಅದನ್ನು ಅಪ್ಪನಿಗೆ ಹೇಳಬೇಕೋ ಬೇಡವೋ ಎಂದು ಅರ್ಧ ದಿನ ಒದ್ದಾಡಿ ಹೇಳಿದೆ. ಅವರು ಮರುದಿನವೇ ಹೊರಟರು. ನಾನು ಜೊತೆಗೆ ಬರುತ್ತೇನೆ ಎಂದರೆ ಕೆಳಗೇ ನಿಲ್ಲಿಸಿದರು. ಮೆಟ್ಟಿಲ ಕಂಬಿ ಹಿಡಿದು ಒಬ್ಬರೇ ಆರು ಮಹಡಿ ಹತ್ತಿದರು. ನಲವತ್ತು ನಿಮಿಷ ಕಳೆದು ಇಳಿದು ಬಂದರು. ಏನು ಮಾತಾಡಿದಿರಿ ಎಂದು ಕೇಳಿದ್ದಕ್ಕೆ, “ಅವರ ಮಷೀನು ಕಿರ್ ಅಂತಿತ್ತು, ಎಣ್ಣೆ ಬಿಟ್ಟು ಬಂದೆ” ಎಂದರು. ಅಲ್ಲಿಂದ ಮನೆಗೆ ಬರುತ್ತಾರೆ ಎಂದುಕೊಂಡಿದ್ದೆ. ಬರಲಿಲ್ಲ. ಮ್ಯಾನೇಜರ್ ಕಚೇರಿಗೆ ಕರೆದುಕೊಂಡು ಹೋಗು ಎಂದರು. ಅಕ್ಕಾ, ನಿಜ ಹೇಳುತ್ತೇನೆ. ಮ್ಯಾನೇಜರಿಗೆ ನಾನು ಕಳಿಸಿದ ವರದಿಯಲ್ಲಿ ಹಗ್ಗ ಸವೆದಿದೆ, ಲಿಫ್ಟ್ ನಿಲ್ಲಿಸಿದ್ದೇವೆ ಎಂದಷ್ಟೇ ಇತ್ತು. ಆರು ದಿನದ ಹಿಂದಿನ ಕಾಗದದ ವರದಿಯ ಬಗ್ಗೆ ಅವರು ಕೇಳಲಿಲ್ಲ, ನಾನು ಎತ್ತಲಿಲ್ಲ. ಹೇಳದೆ ಇದ್ದುಬಿಟ್ಟರೆ ಆಗುತ್ತದೆಯೇ ಎಂದು ಲೆಕ್ಕ ಹಾಕುತ್ತಾ ನಾಲ್ಕು ದಿನ ಕಳೆದಿದ್ದೆ. ಅಪ್ಪ ಆ ಕಚೇರಿಯಲ್ಲಿ ಕುರ್ಚಿಯನ್ನು ಕೈಯಿಂದ ತಡಕಿ ಹುಡುಕಿ ಕೂತರು. “ಆ ಹಗ್ಗ ಸರಿ ಇದೆ ಅಂತ ಬರೆದವನು ನಾನು. ನೋಡಿ ಬರೆದಿಲ್ಲ. ನನಗೆ ಕಣ್ಣು ಸರಿ ಇಲ್ಲ ಅಂತ ಗೊತ್ತಿದ್ದೂ ಬರೆದೆ. ಇನ್ನು ಮುಂದೆ ಯಾವ ವರದಿಗೂ ನನ್ನ ಸಹಿ ಇರಲ್ಲ” ಎಂದರು. ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವರು ನನ್ನ ಕಡೆ ತಿರುಗಿ, “ಇವರು ಬರದೇ ಇದ್ದಿದ್ದರೆ ನೀವು ಹೇಳ್ತಿದ್ರಾ?” ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅದೇ ನಿಜವಾದ ಉತ್ತರವಾಗಿತ್ತು.

ಫಲ ಏನಾಯಿತೆಂದರೆ, ಇಪ್ಪತ್ತೆರಡರಲ್ಲಿ ಎಂಟು ಲಿಫ್ಟುಗಳನ್ನು ಅವರು ಬೇರೆಯವರಿಗೆ ಕೊಟ್ಟರು. ಉಳಿದ ಹದಿನಾಲ್ಕು ಆರು ತಿಂಗಳು ನಮ್ಮಲ್ಲೇ ಇರುತ್ತವೆ, ಪ್ರತಿ ತಿಂಗಳು ಅವರ ಕಡೆಯವರು ಬಂದು ಮತ್ತೊಮ್ಮೆ ಪರೀಕ್ಷೆ ಮಾಡುತ್ತಾರೆ. ಹೋದದ್ದಕ್ಕೆ ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಏಳು ಮಹಡಿಯದು ನಮ್ಮಲ್ಲೇ ಉಳಿದಿದೆ. ಕಟ್ಟಡದವರ ಸಭೆಯಲ್ಲಿ ಆ ಹೊಲಿಗೆಯವರು ಏನೋ ಹೇಳಿದರಂತೆ, ಏನೆಂದು ನನಗೆ ಗೊತ್ತಿಲ್ಲ.

ಟ್ಯಾಬಿನ ವಿಷಯ ನಿನ್ನೆ ಇತ್ಯರ್ಥವಾಯಿತು. ಬಡವನನ್ನು ಒಂದೂ ಗೀರಿಲ್ಲದೆ ವಾಪಸು ಕೊಟ್ಟೆ. ಅದನ್ನು ಬೈಯಲು ಮನಸ್ಸು ಬರಲಿಲ್ಲ. ಅಂಗಡಿಯ ಲೆಕ್ಕ ಬರೆಯುವವರಿಗೆ, ಪಾಠ ಓದುವ ಮಕ್ಕಳಿಗೆ ಅದು ಸಾಕು, ಹಗ್ಗ ನೋಡುವ ಕೆಲಸಕ್ಕೆ ಸಾಲದು. ನನಗೂ ಮೌನಿಯಣ್ಣನಿಗೂ ಒಂದೊಂದು ಗಟ್ಟಿಗ. ಅದರ ಕ್ಯಾಮೆರಾ ಮುಳ್ಳುಗಳನ್ನು ತೋರಿಸಿತ್ತು, ನಾನೇ ನಂಬಿರಲಿಲ್ಲ. ಸಾಹುಕಾರ ಅಪ್ಪನಿಗೆ. ಅಂಗಡಿಯಲ್ಲೇ ಇರುತ್ತದೆ, ಏಣಿ ಹತ್ತುವುದಿಲ್ಲ. ಅದರಲ್ಲಿ ಒಂದು ಅಕ್ಷರವನ್ನು ಅಂಗೈ ಅಗಲ ಮಾಡಬಹುದು, ಬರೆದದ್ದನ್ನು ಓದಿ ಹೇಳುತ್ತದೆ, ನಕ್ಷೆಯನ್ನು ಎಷ್ಟು ಬೇಕಾದರೂ ಹಿಗ್ಗಿಸಿ ಕಣ್ಣಂಚಿಗೆ ತಂದುಕೊಳ್ಳಬಹುದು. ಲಿಫ್ಟಿನ ಪಕ್ಕದಲ್ಲಿ ನಿಂತು ನಾನು ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದರೆ ಅಪ್ಪ ಅಂಗಡಿಯಲ್ಲಿ ಕೇಳಿಸಿಕೊಂಡು, ಬ್ರೇಕಿನ ಎಡಗಡೆ ನೋಡು ಎನ್ನುತ್ತಾರೆ. ಮೂರರಲ್ಲಿ ಎರಡು ಸಲ ಸರಿಯಾಗಿರುತ್ತದೆ. ಓದಿ ಹೇಳುವ ದನಿ ಮಾತ್ರ ಅವರಿಗೆ ಸೇರಿಲ್ಲ. “ಯಾರೋ ಪರಿಚಯ ಇಲ್ಲದ ಹೆಂಗಸು ಮನೇಲಿ ಕೂತು ನನಗೆ ಬುದ್ಧಿ ಹೇಳ್ತಾಳೆ” ಎನ್ನುತ್ತಾರೆ. ಅಮ್ಮ ಇದ್ದಿದ್ದರೆ ಎಷ್ಟು ನಗುತ್ತಿದ್ದಳು.

ಸೋಮವಾರ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಎಡಗಣ್ಣಿನ ನಡುಭಾಗ ಹೋದದ್ದು ಹೋಯಿತು. ಬಲಗಣ್ಣನ್ನು ಇರುವಷ್ಟಕ್ಕೆ ನಿಲ್ಲಿಸಲು ತಿಂಗಳಿಗೊಂದು ಚುಚ್ಚುಮದ್ದು ಕೊಡುತ್ತಾರೆ, ಕಣ್ಣಿಗೇ. ಮೊದಲನೆಯದು ಆಯಿತು. ಅಪ್ಪ ಹಲ್ಲು ಕಚ್ಚಿಕೊಂಡು ಕೂತಿದ್ದರು, ನಾನು ಹೊರಗೆ ಕಾರಿಡಾರಿನಲ್ಲಿ ಎಷ್ಟು ಸಲ ಓಡಾಡಿದೆನೆಂದರೆ ನರ್ಸು ಬಂದು ಕೂರಿಸಿದರು. ನಿನ್ನೆ ನನ್ನ ಬಟ್ಟಲಿಗೆ ಚಹಾ ಸುರಿದುಕೊಡುತ್ತಾ, “ನಗಬಾರದಿತ್ತು ನೀನು” ಎಂದರು. ಅಷ್ಟೇ. ನಾನು ಹೌದು ಅಪ್ಪ ಎಂದೆ. ಮತ್ತೆ ಮಾತು ಬೇರಿಂಗಿನ ಕಡೆ ಹೋಯಿತು.

ಅಪ್ಪ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಟೋಪಿಯನ್ನು ಅವರೇ ಆರಿಸಿದ್ದು, ಹಾಗಾಗಿ ಬಣ್ಣದ ಬಗ್ಗೆ ಏನೂ ಬರೆಯಬೇಡ. ಮೌನಿಯಣ್ಣ ನೆನಪು ಹೇಳಿದ್ದಾರೆ, ಅಂದರೆ ನಿನ್ನ ಹೆಸರು ಬಂದಾಗ ತಲೆಯಾಡಿಸಿದ್ದಾರೆ. ನಿನ್ನ ಜೊತೆಯವರಿಬ್ಬರಿಗೂ ನನ್ನ ನಮಸ್ಕಾರ. ಮೈ ಬೆಚ್ಚಗಿಟ್ಟುಕೋ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಗಡಿಬಿಡಿ

ಮರೆತ ಮಾತು: ಮರೆತಿಲ್ಲ, ಬೆಳಗ್ಗಿನಿಂದ ಇದನ್ನು ಬರೆಯಲಾಗದೆಯೇ ಉಳಿದದ್ದನ್ನೆಲ್ಲ ಬರೆದೆ. ಅಪ್ಪನ ಕಣ್ಣಿನ ಈ ರೋಗ ರಕ್ತದಲ್ಲಿ ಬರಬಹುದು, ನೇರ ಗೆರೆ ಬಾಗಿದ ಹಾಗೆ ಕಾಣುವುದೇ ಮೊದಲ ಗುರುತು, ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಡಾಕ್ಟರ್ ಹೇಳಿದರು. ನನ್ನದು ಅಲ್ಲೇ ಆಯಿತು, ಏನೂ ಇಲ್ಲ. ಮನೆಗೆ ಬಂದು ಶನಿವಾರ ತಲುಪಿದ್ದ ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ. ಒತ್ತಡಮಾಪಕದ ಹಾಳೆಯ ಗೆರೆಗಳು ಈಚೆಗೆ ನಡುವೆ ಬಾಗಿದ ಹಾಗೆ ಕಾಣುತ್ತವೆ, ಹಾಳೆ ಒದ್ದೆಯಾಗಿರಬೇಕು ಎಂದು ಒಂದೇ ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗಿದ್ದೀಯ. ಅಕ್ಕಾ, ಈ ಲಕೋಟೆಯಲ್ಲಿ ಡಾಕ್ಟರ್ ಕೊಟ್ಟ ಚೌಕಗಳ ಚೀಟಿ ಇದೆ, ಒಣಗಿಯೇ ಇದೆ. ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆಯನ್ನು ನೋಡು, ಆಮೇಲೆ ಇನ್ನೊಂದು ಕಣ್ಣು. ಒಂದೇ ಒಂದು ಗೆರೆ ಬಾಗಿದರೂ ಇದೇ ಬೋಟಿನಲ್ಲಿ ಹೊರಟು ಬಾ, ಅದು ಅಲ್ಲಿ ಒಂದು ಇಡೀ ದಿನ ನಿಲ್ಲುತ್ತದೆ ಎಂದು ವಿಚಾರಿಸಿಕೊಂಡಿದ್ದೇನೆ. ಮೊದಲ ತಿಂಗಳುಗಳಲ್ಲೇ ಹಿಡಿದರೆ ನಿಲ್ಲಿಸಬಹುದಂತೆ. ನಿಮ್ಮ ಕೇಂದ್ರ ಕಚೇರಿಗೆ ಫೋನ್ ಮಾಡಲು ಎರಡು ಸಲ ನಂಬರ್ ಒತ್ತಿ ಇಟ್ಟುಬಿಟ್ಟೆ. ದಿನವಿಡೀ ಮಾಪಕಗಳ ಮುಳ್ಳು ಓದುವ ಕೆಲಸ ನಿನ್ನದು, ಹೇಳುವುದಾದರೆ ನೀನೇ ಹೇಳಬೇಕು, ನಿನ್ನ ಬಾಯಿಂದಲೇ. ಆದರೆ ಆ ಬೋಟು ನೀನಿಲ್ಲದೆ, ನಿನ್ನ ಕಾಗದವೂ ಇಲ್ಲದೆ ವಾಪಸು ಬಂದರೆ ಮೂರನೇ ಸಲ ನಾನು ಫೋನ್ ಕೆಳಗಿಡುವುದಿಲ್ಲ. ಅಪ್ಪನಿಗೆ ಇದನ್ನು ಇನ್ನೂ ಹೇಳಿಲ್ಲ.